ಎಂಟು ಊರು ತಿರುಗಿದ ಚಾಪ್‌ಮನ್

ಈ ವಾರ ಒಂದು ರೆಸ್ಯೂಮೆ ಓದೋಣ ಬರ್ರಿ.

ಹುಟ್ಟಿದ್ದು ಬೆಂಗಳೂರು. ಕಲಿತದ್ದು ಜಮ್‌ಶೆಡ್‌ಪುರ. ಮೊದಲ ದೊಡ್ಡ ಕೆಲಸ ಕೋಲ್ಕತಾ. ಅಲ್ಲಿಂದ ಪಂಜಾಬಿನ ಫಗ್ವಾಡಾ, ಅಲ್ಲಿಂದ ಕೊಚ್ಚಿ, ತಿರುಗಿ ಕೋಲ್ಕತಾ. ಮೂವತ್ತನೇ ವಯಸ್ಸಿಗೆ ರೋಲ್ ಬದಲು. ಆಮೇಲೆ ಮತ್ತೆ ಜಮ್‌ಶೆಡ್‌ಪುರ, ಶಿಲ್ಲಾಂಗ್, ಕೋಲ್ಕತಾ, ಬೆಂಗಳೂರು, ದೆಹಲಿ, ಕೋಯಿಕ್ಕೋಡ್.

ಎಣಿಸಿದರೆ ಎಂಟು ಊರು. ನಮ್ಮ ಇಂಟರ್‌ವ್ಯೂಗಳಲ್ಲಿ ಇಂಥ ರೆಸ್ಯೂಮೆ ಇಟ್ಟರೆ ಎಚ್‌ಆರ್ ಮೊದಲು ಕೇಳೋ ಪ್ರಶ್ನೆ ನಿಮಗೂ ಗೊತ್ತು: "ಇಷ್ಟ್ಯಾಕ ಜಂಪ್ ಮಾಡೀರಿ?"

ಈ ರೆಸ್ಯೂಮೆ ಕಾರ್ಲ್‌ಟನ್ ಚಾಪ್‌ಮನ್ ಅವರದು. ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ, ಆಮೇಲೆ ಕೋಚ್. ನಮ್ಮ ರಾಜ್ಯದ ರಾಜಧಾನಿಯಲ್ಲೇ 1971ರ ಏಪ್ರಿಲ್ 13ರಂದು ಹುಟ್ಟಿದವರು. ಅದೇ ಊರಲ್ಲಿ 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 49. ಏಳು ವಾರ ಕಳೆಯೋದರೊಳಗೆ ಮರಡೋನಾ ತೀರಿಕೊಂಡ್ರು. ನಮ್ಮ ಸ್ಟೇಟಸ್ಸು, ರೀಲ್ಸು ಎಲ್ಲಾ ಮರಡೋನಾ ಫೋಟೋದಿಂದ ತುಂಬಿದ್ವು. ಚಾಪ್‌ಮನ್ ಹೆಸರು ಎಷ್ಟು ಮಂದಿಗೆ ನೆನಪಿತ್ತೋ ಏನೋ.

ನಾನು ಬೆಳೆದದ್ದು ಕಲಬುರಗಿ ನೆಹರು ಗಂಜಿನಲ್ಲಿ. ತೊಗರಿ ಚೀಲ, ಲಾರಿ, ದಾಲ್ ಮಿಲ್ಲಿನ ಧೂಳು, ಅಡತಿ ಅಂಗಡಿಗಳ ನಡುವೆ ಆಡಿದ್ದು ಕ್ರಿಕೆಟ್ಟೇ. ಗಂಜಿನ ಹುಡುಗರಿಗೆ ಫುಟ್‌ಬಾಲ್ ಅಂದ್ರ ಇವತ್ತಿಗೂ ಮೊಬೈಲ್‌ನಾಗಿನ ಮೆಸ್ಸಿ, ರೊನಾಲ್ಡೊ. ಹಂಗಿದ್ದವ ಈಗ ಚಾಪ್‌ಮನ್ ಬಗ್ಗೆ ಯಾಕ ಬರಿಲಿಕ್ಕತ್ತೀನಿ ಅಂದ್ರ, ಅದಕ್ಕೊಂದು ಕಾರಣ ಅದ. ನನಗೂ ಮೂವತ್ತು ಆಯ್ತು. ಎಂಟು ವರ್ಷ ಕೋಡ್ ಬರೆದ ಮೇಲೆ, "ಇನ್ನು ಟೀಮ್ ನೋಡ್ಕೋತೀಯಾ?" ಅಂತ ಆಫೀಸಿನಲ್ಲಿ ಕೇಳಿದ್ದಾರೆ. ಏಳು ಮಂದಿಯ ಟೀಮ್, ಬೇರೆ ಊರು. ತಿಂಗಳ ಕೊನೆಗೆ ಉತ್ತರ ಹೇಳಬೇಕು. ಆಡುವುದನ್ನು ಬಿಟ್ಟು ಆಡಿಸೋ ಕಡೆ ಹೋದವರ ಕಥೆ ಹುಡುಕುವಾಗ ಸಿಕ್ಕವರು ಚಾಪ್‌ಮನ್.

ಮೊದಲು ಅವರ ಆಟದ ದಿನಗಳು.

1990ರಲ್ಲಿ ಅವರು ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಜಮ್‌ಶೆಡ್‌ಪುರದಲ್ಲಿ ಟಾಟಾ ಸ್ಟೀಲ್ 1987ರಲ್ಲಿ ಶುರು ಮಾಡಿದ್ದ ಸಂಸ್ಥೆ ಅದು. ಹುಡುಗರನ್ನು ಆರಿಸಿ, ಅಲ್ಲೇ ಇಟ್ಟುಕೊಂಡು, ಊಟ, ಓದು, ಆಟ ಮೂರನ್ನೂ ಕೊಟ್ಟು ತಯಾರು ಮಾಡೋ ವ್ಯವಸ್ಥೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರ ಫ್ರೆಶರ್ ಟ್ರೇನಿಂಗ್, ಆದ್ರ ಮೂರು ತಿಂಗಳದ್ದಲ್ಲ, ವರ್ಷಗಟ್ಟಲೆಯದು.

1993ರಲ್ಲಿ ಕೋಲ್ಕತಾದ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ ವಿರುದ್ಧ ಪಂದ್ಯ. ಇರಾಕ್ ಫುಟ್‌ಬಾಲ್‌ನಲ್ಲಿ ನಮಗಿಂತ ಎಷ್ಟೋ ಮುಂದಿದ್ದ ದೇಶ, ಅಲ್ ಜವ್ರಾ ಬಾಗ್ದಾದಿನ ದೊಡ್ಡ ಕ್ಲಬ್. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಚಾಪ್‌ಮನ್ ಹ್ಯಾಟ್ರಿಕ್ ಹೊಡೆದರು. ಅವರು ಸ್ಟ್ರೈಕರ್ ಅಲ್ಲ ಅನ್ನೋದು ನೆನಪಿಡ್ರಿ, ಮಿಡ್‌ಫೀಲ್ಡರ್. ಇನ್ನೂ 22 ವಯಸ್ಸು.

1995ರಲ್ಲಿ ಜೆಸಿಟಿ. ಫಗ್ವಾಡಾದ ಬಟ್ಟೆ ಮಿಲ್ಲಿನ ತಂಡ ಅದು. ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ, ಬೆಂಗಳೂರಿನ ಚಾಪ್‌ಮನ್, ಮೂರು ದಿಕ್ಕಿನ ಮೂವರು ಪಂಜಾಬಿನ ಒಂದೇ ತಂಡದಲ್ಲಿ. 1996ರ ಕೊನೆಗೆ ದೇಶದ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯಿತು. ಅದನ್ನ ಗೆದ್ದವರು ಜೆಸಿಟಿಯೇ.

1997ರಲ್ಲಿ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್. ಇವತ್ತಿನ ಸ್ಟಾರ್ಟಪ್ ಥರ ಅದು. ದೊಡ್ಡ ಹೆಸರುಗಳನ್ನು ಸೇರಿಸಿತು, ಮೊದಲ ವರ್ಷವೇ ಡ್ಯುರಾಂಡ್ ಕಪ್ ಗೆದ್ದಿತು, ಕೆಲವೇ ವರ್ಷದಲ್ಲಿ ಮುಚ್ಚಿತು. ಚಾಪ್‌ಮನ್ ಒಂದು ಸೀಸನ್ ಮುಗಿಸಿ 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ವಾಪಸ್ ಬಂದಿದ್ದರು. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ನ್ಯಾಷನಲ್ ಲೀಗ್ ಗೆದ್ದಿತು. ಅದೇ ವರ್ಷ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು.

ಲೀಗ್ ಗೆದ್ದ ನಾಯಕ, ವಯಸ್ಸು ಮೂವತ್ತು. ನಾನು ಈ ಲೆಕ್ಕ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಈಗ ಇನ್ನೊಂದು ಲೆಕ್ಕ. 1990ರಿಂದ 2001, ಅಂದ್ರ ಹನ್ನೊಂದು ವರ್ಷ ದೊಡ್ಡ ಮಟ್ಟದ ಆಟ. 2001ರಿಂದ 2020, ಅಂದ್ರ ಹತ್ತೊಂಬತ್ತು ವರ್ಷ ಅದರ ನಂತರದ ಬದುಕು. ಹೆಚ್ಚುಕಡಿಮೆ ಡಬಲ್. ಆದ್ರೂ ಅವರು ತೀರಿಕೊಂಡಾಗ ನಾನು ಓದಿದ ಬರಹಗಳಲ್ಲಿ ಅಲ್ ಜವ್ರಾ ಹ್ಯಾಟ್ರಿಕ್ಕಿಗೆ, ವಿಜಯನ್-ಭುಟಿಯಾ ಜೋಡಿಗೆ ಪ್ಯಾರಾಗಟ್ಟಲೆ ಜಾಗ. ಕೋಚಿಂಗಿಗೆ ಕ್ಲಬ್ಬುಗಳ ಹೆಸರಿನ ಪಟ್ಟಿ, ಅಷ್ಟೇ.

ಬರೆದವರನ್ನ ಬೈಯೋ ಹಂಗೂ ಇಲ್ಲ. ಗೋಲಿಗೆ ನಂಬರ್ ಇರ್ತದ, ತಾರೀಖು ಇರ್ತದ. ಕಲಿಸಿದ್ದಕ್ಕೆ ಏನಿರ್ತದ?

ಆ ಪಟ್ಟಿಯನ್ನೇ ಸ್ವಲ್ಪ ನಿಧಾನಕ್ಕೆ ಓದೋಣ.

ಮೊದಲು ತಾನು ಕಲಿತ ಟಾಟಾ ಅಕಾಡೆಮಿಯಲ್ಲೇ ಕೋಚ್ ಕೆಲಸ. ಆಮೇಲೆ ಮೇಘಾಲಯದ ರಾಯಲ್ ವಾಹಿಂಗ್‌ಡೋ, ಶಿಲ್ಲಾಂಗ್‌ನ ಹಳೇ ಕ್ಲಬ್. ಚಾಪ್‌ಮನ್ ಅಲ್ಲಿಗೆ ಹೋದಾಗ ಅದು ಆಡುತ್ತಿದ್ದದ್ದು ಐ-ಲೀಗ್‌ನ ಎರಡನೇ ಡಿವಿಜನ್ನಿನಲ್ಲಿ. ಅದಲ್ಲದೆ ಕೋಲ್ಕತಾದ ಭವಾನೀಪುರ್, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ. ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್‌ನಲ್ಲಿ ತಾಂತ್ರಿಕ ನಿರ್ದೇಶಕ.

ಈ ಪಟ್ಟಿಯಲ್ಲಿ ಈಸ್ಟ್ ಬೆಂಗಾಲ್ ಇಲ್ಲ, ಮೋಹನ್ ಬಾಗಾನ್ ಇಲ್ಲ. ಬೆಂಗಳೂರಿನವರೇ ಆದರೂ ಬೆಂಗಳೂರು ಎಫ್‌ಸಿಯೂ ಇಲ್ಲ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ಆ ಕ್ಲಬ್ಬು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್‌ನಿಂದ ಶುರು ಮಾಡಿ ಸ್ಪೇನಿನ ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್ ಅಂತ ಹೊರದೇಶದವರನ್ನೇ ಕರೆಸಿತು. ಆಟಗಾರ ಚಾಪ್‌ಮನ್ ಯಾವಾಗಲೂ ಮೇಲಿನ ಸಾಲಿನ ಕ್ಲಬ್ಬುಗಳಲ್ಲಿದ್ದರು. ಕೋಚ್ ಚಾಪ್‌ಮನ್ ಕೆಳಗಿನ ಸಾಲಿನಲ್ಲಿ. ಲಿಂಕ್ಡ್‌ಇನ್ ಗ್ರಾಫ್ ಹಾಕಿದರೆ ಗೆರೆ ಇಳೀತದ.

ಎರಡನೇ ಡಿವಿಜನ್ ಕೆಲಸ ಹೆಂಗಿರ್ತದ ಅಂತ ಸ್ವಲ್ಪ ಯೋಚಿಸ್ರಿ. ವರ್ಷವಿಡೀ ಪಂದ್ಯ ಇರೋದಿಲ್ಲ. ಗುಂಪು ಹಂತ, ಅದನ್ನ ದಾಟಿದವರಿಗೆ ಕೊನೇ ಸುತ್ತು, ಅಲ್ಲೂ ಮೇಲಕ್ಕೆ ಹೋಗೋದು ಎಲ್ಲೋ ಒಂದೋ ಎರಡೋ ತಂಡ. ಆಟಗಾರರ ಕರಾರು ಚಿಕ್ಕದು, ಚಂದ ಆಡಿದ ಹುಡುಗನನ್ನು ದೊಡ್ಡ ಕ್ಲಬ್ ಎತ್ತಿಕೊಂಡು ಹೋಗ್ತದ. ಮುಂದಿನ ಸೀಸನ್ನಿಗೆ ಮತ್ತೆ ಅಆಇಈ. ಟಿವಿ ಇಲ್ಲ, ಜನ ಕಡಿಮೆ. ನಾವು ಕ್ಲೈಂಟ್ ಡೆಮೋಕ್ಕೆ ಹೋಗದೆ ಇರೋ ಪ್ರಾಜೆಕ್ಟ್ ಅಂತೀವಲ್ಲ, ಹಂಗ.

ಆದ್ರ ಆಮೇಲೆ ಏನಾಯ್ತು ನೋಡ್ರಿ. ರಾಯಲ್ ವಾಹಿಂಗ್‌ಡೋ 2014ರಲ್ಲಿ ಎರಡನೇ ಡಿವಿಜನ್ ಗೆದ್ದು ಮೇಲಕ್ಕೆ ಬಂತು. 2014-15ರ ಐ-ಲೀಗ್‌ನಲ್ಲಿ, ಮೊದಲ ಪ್ರಯತ್ನದಲ್ಲೇ, ಮೂರನೇ ಸ್ಥಾನ. ಆಗ ಅಲ್ಲಿ ಕೋಚ್ ಆಗಿದ್ದವರು ಸಂತೋಷ್ ಕಶ್ಯಪ್. ಸುದೇವ 2021ರ ಜನವರಿಯಲ್ಲಿ ಐ-ಲೀಗ್‌ನಲ್ಲಿ ಮೊದಲ ಪಂದ್ಯ ಆಡಿತು. ಚಾಪ್‌ಮನ್ ಹೋಗಿ ಮೂರು ತಿಂಗಳಾಗಿತ್ತು.

ಇದರಲ್ಲಿ ಚಾಪ್‌ಮನ್ ಪಾಲು ಎಷ್ಟು? ಶೇಕಡಾವಾರು ಹೇಳೋಕೆ ಬರೋದಿಲ್ಲ. ಮುಂದೆ ಬಂದ ಕೋಚುಗಳ ಶ್ರಮ ಕಡಿಮೆ ಮಾಡಿ ಹೇಳೋದೂ ಸರಿಯಲ್ಲ. ಆದರೆ ಒಂದು ಕ್ಲಬ್ ಮೇಲೆ ಏರೋದಕ್ಕೆ ಮುಂಚೆ ಕೆಲವು ವರ್ಷ ಯಾರೋ ಒಬ್ಬರು ಅಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೋನ್ ಇಟ್ಟು ಸೀಟಿ ಊದಿರ್ತಾರೆ. ನಮ್ಮ ಕೋಡ್‌ಬೇಸಿನಲ್ಲೂ ಅಷ್ಟೇ. ಇವತ್ತು ಯಾವ ತೊಂದರೆ ಇಲ್ಲದೆ ಓಡೋ ಮಾಡ್ಯೂಲಿನ ಹಿಸ್ಟರಿ ತೆಗೆದು ನೋಡಿದ್ರ, ಕೆಳಗೆ ಎಲ್ಲೋ ಕಂಪನಿ ಬಿಟ್ಟು ಹೋದವರ ಹೆಸರು ಸಿಗ್ತದ. ಫುಟ್‌ಬಾಲಿಗೆ ಆ ಹಿಸ್ಟರಿ ಬಟನ್ ಇಲ್ಲ.

ಹಿಸ್ಟರಿ ಅಂದಾಗ ಹೇಳಲೇಬೇಕಾದ ಒಂದು ಎಳೆ ಅದ. ಅದು ನಮ್ಮ ಕಲಬುರಗಿಯ ಹಳೇ ನಂಟಿನವರಿಂದಲೇ ಶುರುವಾಗ್ತದ.

1956ರ ನವೆಂಬರ್ 1ರ ತನಕ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು ಅನ್ನೋದು ನಿಮಗೆ ಗೊತ್ತು. ಆ ಕಾಲಕ್ಕೆ ನಮ್ಮ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಸೈಯದ್ ಅಬ್ದುಲ್ ರಹೀಮ್ ಅನ್ನೋ ಶಾಲಾ ಮೇಷ್ಟ್ರು ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಆಟ ಕಲಿಸುತ್ತಿದ್ದರು. ಅಜಯ್ ದೇವಗನ್ ಅವರ 'ಮೈದಾನ್' ಸಿನಿಮಾ ನೋಡಿದ್ರ ರಹೀಮ್ ಸಾಹೇಬರ ಪರಿಚಯ ಇರ್ತದ. ಆ ಪೊಲೀಸ್ ತಂಡ 1950ರಿಂದ 1954ರ ತನಕ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೆರೆಯಬೇಡಿ, ಬೇಗ ಪಾಸ್ ಮಾಡಿ ಅನ್ನೋದು ಮೇಷ್ಟ್ರ ಪಾಠ. ಅದಕ್ಕಾಗಿ ಡ್ರಿಬಲ್ ಮಾಡಲೇಬಾರದು ಅನ್ನೋ ನಿಯಮದ ಪಂದ್ಯಾವಳಿಗಳನ್ನೇ ನಡೆಸುತ್ತಿದ್ದರು.

ರಹೀಮ್ ಭಾರತ ತಂಡಕ್ಕೂ ಕೋಚ್. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ. ಕಲಬುರಗಿ ಮೈಸೂರು ರಾಜ್ಯ ಸೇರಿ ಒಂದು ತಿಂಗಳ ಆಸುಪಾಸಿನ ಮಾತು ಅದು. ಆರು ವರ್ಷ ಬಿಟ್ಟು, 1962ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ. ಕ್ಯಾನ್ಸರಿನಿಂದ ನರಳುತ್ತಿದ್ದ ರಹೀಮ್ ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.

ಮೆಲ್ಬರ್ನ್‌ನಲ್ಲೂ ಜಕಾರ್ತಾದಲ್ಲೂ ಅವರ ಕೈಕೆಳಗೆ ಆಡಿದ ಒಬ್ಬ ಹುಡುಗ ಪಿ.ಕೆ. ಬ್ಯಾನರ್ಜಿ. ಜಕಾರ್ತಾ ಫೈನಲ್ಲಿನಲ್ಲಿ ಒಂದು ಗೋಲು ಅವರದೇ. ಪಿ.ಕೆ. ಆಮೇಲೆ ತಾವೇ ಕೋಚ್ ಆದರು. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡನ್ನೂ ಗೆಲ್ಲಿಸಿದರು. 1991ರಲ್ಲಿ ಜಮ್‌ಶೆಡ್‌ಪುರಕ್ಕೆ ಬಂದು ಟಾಟಾ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾದರು. ಅಲ್ಲಿ ಆಗ ಟ್ರೇನಿಂಗಿನಲ್ಲಿದ್ದ ಹುಡುಗರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಚಾಪ್‌ಮನ್.

ಹೈದರಾಬಾದಿನ ಮೇಷ್ಟ್ರು, ಅವರಿಂದ ಪಿ.ಕೆ., ಅಲ್ಲಿಂದ ಜಮ್‌ಶೆಡ್‌ಪುರ, ಅಲ್ಲಿಂದ ಚಾಪ್‌ಮನ್, ಅವರಿಂದ ಶಿಲ್ಲಾಂಗಿನ, ದೆಹಲಿಯ, ಕೋಯಿಕ್ಕೋಡಿನ ಹುಡುಗರು. ಯಾವ ದಾಖಲೆ ಪುಸ್ತಕದಲ್ಲೂ ಈ ಸಾಲು ಒಂದೇ ಪುಟದಲ್ಲಿ ಸಿಗೋದಿಲ್ಲ. ಆದರೂ ಆಟ ದಾಟಿದ್ದು ಹಿಂಗೇ, ಬಾಯಿಂದ ಬಾಯಿಗೆ, ಕಾಲಿಂದ ಕಾಲಿಗೆ.

ನಮ್ಮ ಗಂಜಿನಲ್ಲೂ ಇಂಥದ್ದು ನಡೀತದ. ಡಿಸೆಂಬರ್ ಬಂತಂದ್ರ ಹೊಸ ತೊಗರಿ ಬರ್ತದ, ಅದರ ಜೊತೆ ಹೊಸ ಹಮಾಲ ಹುಡುಗರೂ ಬರ್ತಾರ. ಮೊದಲ ದಿನ ಚೀಲ ಎತ್ತುವಾಗ ಹುಡುಗ ಬೆನ್ನು ಬಾಗಿಸ್ತಾನ. ವಯಸ್ಸಾದ ಹಮಾಲ ಒಬ್ಬ ಪಕ್ಕದಲ್ಲಿ ನಿಂತು ಅವನ ಮೊಣಕಾಲು ತಟ್ಟಿ, "ಬೆನ್ನಿಗೆ ಹಾಕಬ್ಯಾಡೋ, ಕಾಲಿಗೆ ಹಾಕು" ಅಂತಾನ. ಆ ಹಿರಿಯ ಈಗ ದಿನಕ್ಕೆ ಎಷ್ಟು ಚೀಲ ಎತ್ತತಾನ ಅಂತ ಲೆಕ್ಕ ಇಟ್ಟರೆ ಹುಡುಗನಿಗಿಂತ ಕಡಿಮೆ. ಆದ್ರ ಆ ಹುಡುಗನ ಬೆನ್ನು ಐವತ್ತು ವಯಸ್ಸಿನ ತನಕ ಉಳಿದರೆ ಅದು ಯಾರ ಲೆಕ್ಕಕ್ಕೆ? ಕೂಲಿ ಪಟ್ಟಿಯಲ್ಲಿ ಅದಕ್ಕೆ ಕಾಲಮ್ ಇಲ್ಲ.

ನನ್ನ ಹಿಂಜರಿಕೆಯೂ ಆ ಕಾಲಮ್ಮಿನದೇ. ನಾನು ಬರೆದ ಕೋಡನ್ನ ನಾನು ತೋರಿಸಬಲ್ಲೆ. ಈ ಬಗ್ ನಾನು ತೆಗೆದೆ, ಈ ಫೀಚರ್ ನಾನು ಮಾಡಿದೆ. ಟೀಮ್ ನೋಡ್ಕೊಳ್ಳೋನು ದಿನದ ಕೊನೆಗೆ ಏನು ತೋರಿಸ್ತಾನ? ಆರು ಮೀಟಿಂಗ್, ಇಬ್ಬರ ಜಗಳ ಬಿಡಿಸಿದ್ದು, ಒಬ್ಬ ಜೂನಿಯರ್‌ಗೆ "ನೀನೇ ಮಾಡು, ನಾ ಪಕ್ಕದಲ್ಲಿರ್ತೀನಿ" ಅಂದದ್ದು. ಚಲೋ ಆದ್ರ ಹೆಸರು ಟೀಮಿಗೆ, ಕೆಟ್ಟರೆ ಬೈಗುಳ ಅವನಿಗೆ. ನನ್ನ ಜೊತೆ ಇಂಜಿನಿಯರಿಂಗ್ ಓದಿದವರಲ್ಲಿ ಅರ್ಧ ಮಂದಿ ಈ ಪ್ರಶ್ನೆ ಎದುರು ನಿಂತಿದ್ದಾರ. ಕೆಲವರು ಸಂಬಳ ಜಾಸ್ತಿ ಅಂತ ಹೂಂ ಅಂದು, ಈಗ ರಾತ್ರಿ ಕದ್ದು ಕೋಡ್ ಬರೀತಾರ.

ಇನ್ನೊಂದು ಕಡೆಯೂ ಹೇಳಬೇಕು, ಇಲ್ಲಾಂದ್ರ ಇದು ಬರೀ ಹೊಗಳಿಕೆ ಆಗ್ತದ. ಊರೂರು ತಿರುಗೋ ಕೋಚ್ ಬದುಕು ಸುಲಭದ್ದಲ್ಲ. ಯುರೋಪಿನಲ್ಲಿ ಹಂಗ ತಿರುಗಿದವರನ್ನ ಹೀರೋ ಮಾಡ್ತಾರ. ಕಾರ್ಲೊ ಆಂಚೆಲೋಟಿ ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ದೇಶಗಳ ಲೀಗ್ ಗೆದ್ದ ಕೋಚ್. ಬೋರಾ ಮಿಲುಟಿನೋವಿಚ್ 1986ರಿಂದ 2002ರ ತನಕ ಐದು ವಿಶ್ವಕಪ್ಪುಗಳಿಗೆ ಐದು ಬೇರೆ ಬೇರೆ ದೇಶಗಳ ಕೋಚ್ ಆಗಿ ಹೋದವರು. ಅವರು ಬಿಟ್ಟು ಬಂದ ಕ್ಲಬ್ಬು, ಲೀಗು ಅಲ್ಲೇ ಇರ್ತಾವ, ಗೋಡೆ ಮೇಲೆ ಫೋಟೋ ಇರ್ತದ. ಚಾಪ್‌ಮನ್ ವಿಷಯದಲ್ಲಿ ಆ ಗೋಡೆಯೇ ಉಳೀಲಿಲ್ಲ. ಜೆಸಿಟಿ 2011ರಲ್ಲಿ ತಂಡ ಮುಚ್ಚಿತು. ಎಫ್‌ಸಿ ಕೊಚ್ಚಿನ್ ಅದಕ್ಕೂ ಮೊದಲೇ ಹೋಗಿತ್ತು. ಅವರು ಗೆದ್ದ ನ್ಯಾಷನಲ್ ಲೀಗ್ 2007ರಲ್ಲಿ ಐ-ಲೀಗ್ ಆಗಿ ಬದಲಾಯಿತು, ಆಮೇಲೆ ಅದೂ ಐಎಸ್‌ಎಲ್ ಕೆಳಗೆ ಎರಡನೇ ದರ್ಜೆಗೆ ಇಳೀತು. ರಾಯಲ್ ವಾಹಿಂಗ್‌ಡೋ ಆ ಮೂರನೇ ಸ್ಥಾನದ ಸೀಸನ್ ಮುಗಿಸಿ ಲೀಗಿನಿಂದಲೇ ಹಿಂದೆ ಸರೀತು. ರೆಸ್ಯೂಮೆಯಲ್ಲಿನ ಕಂಪನಿಗಳು ಒಂದೊಂದಾಗಿ ಮುಚ್ಚಿದರೆ ರೆಫರೆನ್ಸಿಗೆ ಯಾರಿಗೆ ಫೋನ್ ಮಾಡ್ತೀರಿ?

ದಾರಿ ಪೂರ್ತಿ ಮುಚ್ಚಿಲ್ಲ ಅನ್ನೋದಕ್ಕೂ ಸಾಕ್ಷಿ ಅದ. ಖಾಲಿದ್ ಜಮೀಲ್ ಕೂಡ ಭಾರತಕ್ಕೆ ಆಡಿದ ಮಿಡ್‌ಫೀಲ್ಡರ್, ಚಾಪ್‌ಮನ್‌ಗಿಂತ ಸ್ವಲ್ಪ ಕಿರಿಯ. ಮುಂಬೈ ಎಫ್‌ಸಿಯಿಂದ ಶುರು ಮಾಡಿ 2017ರಲ್ಲಿ ಐಜ್ವಾಲ್ ಅನ್ನೋ ಪುಟ್ಟ ಕ್ಲಬ್ಬಿಗೆ ಐ-ಲೀಗ್ ಗೆಲ್ಲಿಸಿದರು. ಆಮೇಲೆ ಕೋಲ್ಕತಾದ ಎರಡೂ ದೊಡ್ಡ ಕ್ಲಬ್, ಗುವಾಹಟಿ, ಬೆಂಗಳೂರು, ಜಮ್‌ಶೆಡ್‌ಪುರ ಎಲ್ಲಾ ತಿರುಗಿ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. ಅಲ್ಲಿ ತನಕ ಐಎಸ್‌ಎಲ್ ಕ್ಲಬ್ಬುಗಳ ಮುಖ್ಯ ಕೋಚ್ ಅಂದ್ರ ಹೆಚ್ಚಾಗಿ ಹೊರದೇಶದವರೇ. ಚಾಪ್‌ಮನ್ ಬದುಕಿದ್ದರೆ ಈಗ ಐವತ್ತರ ಮೇಲೆ ಸ್ವಲ್ಪ, ಕೋಚುಗಳಿಗೆ ಅದೇನು ದೊಡ್ಡ ವಯಸ್ಸಲ್ಲ. ಅವರಿಗೂ ಬಾಗಿಲು ತೆರೀತಿತ್ತೋ ಇಲ್ಲವೋ, ಆ ಲೆಕ್ಕ ಈಗ ಯಾರೂ ಹಾಕೋಕಾಗೋದಿಲ್ಲ.

ನಾನು ಹಿಡಿದುಕೊಂಡದ್ದು ಇಷ್ಟು. ಮೂವತ್ತಕ್ಕೆ ಆಟ ಬಿಟ್ಟ ಮೇಲೆ ಆ ಮನುಷ್ಯ ಫುಟ್‌ಬಾಲ್ ಬಿಡಲಿಲ್ಲ. ದೊಡ್ಡ ಕ್ಲಬ್ಬಿನ ಕುರ್ಚಿ ಸಿಗದಿದ್ದಾಗ ಸಣ್ಣ ಕ್ಲಬ್ಬಿನ ಮೈದಾನಕ್ಕೆ ಹೋದರು. ಒಂದಲ್ಲ, ಆರು ಊರು. ಕೊನೇ ಕೆಲಸವೂ ಎಳೆ ಹುಡುಗರ ಜೊತೆಗಿನದೇ. ಕಾಣೋ ಲೆಕ್ಕಕ್ಕಾಗಿ ಮಾತ್ರ ಕೆಲಸ ಮಾಡೋರು ಹತ್ತೊಂಬತ್ತು ವರ್ಷ ಹಂಗ ಮಾಡೋದಿಲ್ಲ.

ತಿಂಗಳ ಕೊನೆಗೆ ನಾನು ಹೂಂ ಅನ್ನುವವನಿದ್ದೇನೆ. ಒಂದು ಷರತ್ತು ನಾನೇ ಹಾಕಿಕೊಂಡಿದ್ದೇನೆ: ಏಳು ಮಂದಿಯಲ್ಲಿ ಒಬ್ಬೊಬ್ಬರಿಗೂ ವಾರಕ್ಕೆ ಒಂದು ಗಂಟೆ, ಸ್ಟೇಟಸ್ ಕೇಳೋಕಲ್ಲ, ಪಕ್ಕದಲ್ಲಿ ಕೂತು ಕೋಡ್ ಓದೋಕೆ. ವರ್ಷದ ಕೊನೆಯ ಅಪ್ರೈಸಲ್ ಫಾರ್ಮಿನಲ್ಲಿ ಅದನ್ನ ಯಾವ ಕಾಲಮ್ಮಿಗೆ ಬರೀಬೇಕು ಅಂತ ಇನ್ನೂ ಹೊಳೆದಿಲ್ಲ. ಅವ್ವ ಮಾತ್ರ "ಬ್ಯಾರೆ ಊರಾಗ ಜ್ವಾಳದ ರೊಟ್ಟಿ ಸಿಗ್ತದೇನು, ಮೊದಲ ಅದನ್ನ ಕೇಳು" ಅಂದಾಳ.

ಈ ಸಲ ನಿಮಗೊಂದು ಕೆಲಸ. ನಿಮಗೆ ಮೊದಲ ಕೆಲಸ ಕೈ ಹಿಡಿದು ಕಲಿಸಿದವರು ಯಾರು? ಟೀಮ್ ಲೀಡ್ ಇರಬಹುದು, ಪಿಟಿ ಮೇಷ್ಟ್ರು ಇರಬಹುದು, ಪಕ್ಕದ ಸೀಟಿನ ಸೀನಿಯರ್ ಇರಬಹುದು. ನಮಗೆ ಬರೆದು ಕಳಿಸ್ರಿ. ಅದಕ್ಕೂ ಮೊದಲು ಅವರ ನಂಬರ್ ಇನ್ನೂ ನಿಮ್ಮ ಫೋನಿನಲ್ಲಿದ್ದರೆ ಒಂದು ಕಾಲ್ ಮಾಡಿಬಿಡ್ರಿ. 49 ಅನ್ನೋದು ಹೋಗೋ ವಯಸ್ಸಲ್ಲ, ಆದ್ರ ಹೋಗೋರು ಹೇಳಿ ಹೋಗೋದಿಲ್ಲ.